ಹೊಸ ಕ್ಯಾಸಿನೊ ಟೇಬಲ್ ಆಟಕ್ಕೆ ಲೈಸೆನ್ಸ್ ಕರಾರು: ಶೇ 20 ಅಂದರೆ ಯಾವುದರ ಶೇ 20?

ಗಣಿತದ ಮೇಷ್ಟ್ರು, ಮಂಡ್ಯ:
ಎಲ್ಲರಿಗೂ ನಮಸ್ಕಾರ. ಒಂದು ಕರಾರು ಪತ್ರದ ಬಗ್ಗೆ ತಿಳಿದವರ ಸಲಹೆ ಬೇಕು. ನಾನು ಇಲ್ಲೇ ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಸಂಭವನೀಯತೆ ಪಾಠಕ್ಕೆ ಇಸ್ಪೀಟೆಲೆ ಇಟ್ಟುಕೊಂಡು ಲೆಕ್ಕ ಹಾಕಿಸುವುದು ಹಳೇ ಅಭ್ಯಾಸ. ಹಾಗೆ ಲೆಕ್ಕ ಹಾಕುತ್ತಾ ಹಾಕುತ್ತಾ ಒಂದು ಹೊಸ ಆಟವೇ ಹುಟ್ಟಿಕೊಂಡಿತು. ಕ್ಯಾಸಿನೊ ಮೇಜಿನಲ್ಲಿ ಡೀಲರ್ ಎದುರು ಆಡುವ ಥರದ್ದು. ಮನೆಯಲ್ಲಿ ಹುಣಸೆ ಬೀಜ ಇಟ್ಟುಕೊಂಡು ಆಡಿ ನೋಡಿದೆವು. ಹಳೇ ವಿದ್ಯಾರ್ಥಿಯೊಬ್ಬ ಕಂಪ್ಯೂಟರಿನಲ್ಲಿ ಕೋಟಿಗಟ್ಟಲೆ ಕೈ ಆಡಿಸಿ ಪರೀಕ್ಷೆ ಮಾಡಿದ. ಹೌಸ್ ಎಡ್ಜ್, ಅಂದರೆ ಪ್ರತಿ ಪಣದಲ್ಲಿ ಕ್ಯಾಸಿನೊಗೆ ಸರಾಸರಿ ಉಳಿಯುವ ಪಾಲು, ನಾನು ಕೈಯಲ್ಲಿ ಮಾಡಿದ ಲೆಕ್ಕಕ್ಕೆ ಸರಿಯಾಗಿ ಬಂತು. ಸುಮಾರು ಶೇ 3.

ಅವನೇ ಅಮೆರಿಕದ ಒಂದು ವಿತರಣಾ ಕಂಪನಿಗೆ ಬರೆದ. ಗುಟ್ಟು ಕಾಯುವ ಒಪ್ಪಂದಕ್ಕೆ ಎರಡೂ ಕಡೆ ಸಹಿ ಆದ ಮೇಲೆ ಅವರು ನಿಯಮ ನೋಡಿದರು. ಈಗ ಕರಡು ಕಳಿಸಿದ್ದಾರೆ. ಅದರ ಸಾರಾಂಶ ಇಷ್ಟು: ಇಡೀ ಪ್ರಪಂಚಕ್ಕೆ ಹಕ್ಕು ಅವರೊಬ್ಬರಿಗೇ. ಏಳು ವರ್ಷ, ಆಮೇಲೆ ತಾನಾಗಿಯೇ ಮುಂದುವರಿಯುತ್ತದೆ. ನನಗೆ 'ನಿವ್ವಳ ಆದಾಯ'ದ ಶೇ 20. ಆಟಕ್ಕೆ ಏನೇ ಸುಧಾರಣೆ ಬಂದರೂ ಅದು ಅವರದ್ದು. ಆಟದ ಗಣಿತ ಸರಿ ಇದೆಯಾ ಅಂತ ನೋಡುವ ಲ್ಯಾಬ್ ಪರೀಕ್ಷೆಯ ಖರ್ಚನ್ನು ನನ್ನ ಪಾಲಿನಲ್ಲಿ ಹಿಡಿದುಕೊಳ್ಳುತ್ತಾರೆ. ಮುಂಗಡ ಇಲ್ಲ.

20 ಇರುವುದನ್ನು 30 ಮಾಡಿಸಬೇಕು ಅಂತ ನನ್ನ ಆಸೆ. ಆಗುತ್ತಾ? ಕ್ಯಾಸಿನೊಗಳು ಒಂದು ಮೇಜಿಗೆ ತಿಂಗಳಿಗೆ ಎಷ್ಟು ಕೊಡುತ್ತವೆ? ಆಟದ ನಿಯಮವನ್ನೂ ಸಂಜೆ ಟೈಪ್ ಮಾಡಿ ಇಲ್ಲೇ ಹಾಕುತ್ತೇನೆ, ನೋಡಿ ಹೇಳಿ.

ಲಕ್ಷ್ಮೀಪುರಂ ವಕೀಲೆ:
ಮೇಷ್ಟ್ರೇ, ನಿಯಮ ಮಾತ್ರ ಇಲ್ಲಿ ಹಾಕಬೇಡಿ. ದಯವಿಟ್ಟು. ಅಮೆರಿಕದಲ್ಲಿ ಒಂದು ಹೊಸ ವಿಷಯವನ್ನು ಬಹಿರಂಗ ಮಾಡಿದ ದಿನದಿಂದ ಒಂದು ವರ್ಷದೊಳಗೆ ಪೇಟೆಂಟ್ ಅರ್ಜಿ ಹಾಕಬೇಕು, ದಾಟಿದರೆ ಹಕ್ಕು ಹೋಯಿತು. ಯುರೋಪಿನಲ್ಲಿ ಆ ಒಂದು ವರ್ಷದ ರಿಯಾಯಿತಿಯೂ ಇಲ್ಲ. ಇವತ್ತು ಇಲ್ಲಿ ಹಾಕಿದರೆ ಅಲ್ಲಿಯ ಬಾಗಿಲು ಇವತ್ತೇ ಮುಚ್ಚಿತು. ನಿಮ್ಮ ಆಟಕ್ಕೆ ಪೇಟೆಂಟ್ ಸಿಗುತ್ತದೋ ಇಲ್ಲವೋ ಅದು ಬೇರೆ ಮಾತು, ಆದರೆ ಬಾಗಿಲನ್ನು ನಾವೇ ಯಾಕೆ ಮುಚ್ಚಬೇಕು? ಕರಾರಿನ ಬಗ್ಗೆ ರಾತ್ರಿ ವಿವರವಾಗಿ ಬರೆಯುತ್ತೇನೆ.

ಮಾಂಡೋವಿ ಡೀಲರ್:
ನಾನು ಕೆ.ಆರ್. ನಗರದವನು. ಗೋವಾದಲ್ಲಿ ಮಾಂಡೋವಿ ನದಿಯ ಹಡಗಿನಲ್ಲಿ ಡೀಲರ್ ಆಗಿದ್ದೆ, ಆಮೇಲೆ ಪಿಟ್, ಅಂದರೆ ಮೇಜುಗಳ ಗುಂಪಿನ ಮೇಲ್ವಿಚಾರಣೆ. ಈಗ ಮೈಸೂರಿನಲ್ಲಿದ್ದೇನೆ. ಮೇಜಿನ ಬಾಡಿಗೆ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಬ್ಲ್ಯಾಕ್‌ಜಾಕ್, ರೂಲೆಟ್, ಬ್ಯಾಕರಾ, ನಮ್ಮ ಅಂದರ್ ಬಾಹರ್, ಇವಕ್ಕೆ ಯಾರಿಗೂ ಬಾಡಿಗೆ ಕಟ್ಟುವ ಹಾಗಿಲ್ಲ. ಹಳೇ ಆಟಗಳು, ಎಲ್ಲರ ಸೊತ್ತು. ಥ್ರೀ ಕಾರ್ಡ್ ಪೋಕರ್, ಅಲ್ಟಿಮೇಟ್ ಟೆಕ್ಸಾಸ್ ಹೋಲ್ಡೆಮ್ ಥರದ ಒಡೆಯ ಇರುವ ಆಟಕ್ಕೆ ಮಾತ್ರ ಮೇಜಿಗೆ ಇಷ್ಟು ಅಂತ ತಿಂಗಳ ಬಾಡಿಗೆ. ಅಮೆರಿಕದಲ್ಲಿ ಹೆಸರು ಮಾಡಿದ ಆಟಕ್ಕೆ ಅದು ಸಾವಿರ ಡಾಲರ್ ದಾಟುವುದೂ ಉಂಟು. ಹೆಸರಿಲ್ಲದ ಹೊಸ ಆಟಕ್ಕೆ ಕೆಲವು ನೂರು ಡಾಲರ್ ಸಿಕ್ಕರೆ ಅದೇ ಹೆಚ್ಚು. ಸೈಡ್ ಬೆಟ್‌ಗೆ, ಅಂದರೆ ಹಳೇ ಆಟದ ಪಕ್ಕದಲ್ಲಿ ಇಡುವ ಒಂದು ಹೆಚ್ಚಿನ ಪಣಕ್ಕೆ, ಇನ್ನೂ ಕಡಿಮೆ. ಹೊಸದಾದರೆ ಮೊದಮೊದಲು ಪುಕ್ಕಟೆಯಾಗಿ ಇಟ್ಟು ನೋಡಿ ಅಂತ ಕೊಡುವುದೂ ಇದೆ.

ಕ್ಯಾಸಿನೊ ಯಾಕೆ ಬಾಡಿಗೆ ಕೊಡುತ್ತದೆ ಅನ್ನುವ ಲೆಕ್ಕವನ್ನು ಮೇಷ್ಟ್ರು ಮಾಡಿರಬಹುದು, ಆದರೂ ಒಂದು ಉದಾಹರಣೆ ಇಡುತ್ತೇನೆ. ಐದು ಜನ ಕೂತಿದ್ದಾರೆ, ತಲಾ 10 ಡಾಲರ್ ಪಣ, ಗಂಟೆಗೆ 40 ಸುತ್ತು ಅಂದುಕೊಳ್ಳಿ. ಗಂಟೆಗೆ 2,000 ಡಾಲರ್ ಪಣ ಬಿತ್ತು. ಶೇ 3 ಅಂದರೆ 60 ಡಾಲರ್. ದಿನಕ್ಕೆ 10 ಗಂಟೆ ಮೇಜು ನಡೆದರೆ 600, ತಿಂಗಳಿಗೆ 18,000. ಇದನ್ನು ನೋಡಿ 'ಅಯ್ಯೋ, ಇದರಲ್ಲಿ 600 ಡಾಲರ್ ಬಾಡಿಗೆ ಯಾವ ಲೆಕ್ಕ' ಅನ್ನಿಸುತ್ತದೆ. ಪಿಟ್ ಮ್ಯಾನೇಜರ್ ಹಾಗೆ ನೋಡುವುದಿಲ್ಲ. ಅದೇ ಜಾಗದಲ್ಲಿ ಬಾಡಿಗೆ ಇಲ್ಲದ ಬ್ಲ್ಯಾಕ್‌ಜಾಕ್ ಮೇಜು 17,000 ತರುತ್ತಿತ್ತು ಅಂದರೆ ಹೊಸ ಆಟದ ಹೆಚ್ಚುವರಿ ಬರೀ 1,000. ಅದರಲ್ಲಿ 600 ಬಾಡಿಗೆಗೆ ಹೋದರೆ ಉಳಿದದ್ದು 400. ಅಷ್ಟಕ್ಕೆ ಡೀಲರ್‌ಗಳಿಗೆ ಹೊಸದಾಗಿ ತರಬೇತಿ, ಹೊಸ ಬಟ್ಟೆ, ಅಂದರೆ ಮೇಜಿನ ಹಾಸು, ಇಷ್ಟೆಲ್ಲ ಯಾರು ಮಾಡುತ್ತಾರೆ? ಹಾಗಾಗಿ ಹೊಸ ಆಟ ಮೊದಲು ಕುಸ್ತಿ ಮಾಡಬೇಕಾದದ್ದು ಪುಕ್ಕಟೆ ಸಿಗುವ ಹಳೇ ಆಟದ ಜೊತೆ.

ಇನ್ನೊಂದು ವಿಷಯ ಲೆಕ್ಕದ ಹಾಳೆಯಲ್ಲಿ ಕಾಣುವುದಿಲ್ಲ. ವೇಗ. ಡೀಲರ್ ಐದು ಕೈಯನ್ನೂ ಬಿಚ್ಚಿ, ಹೋಲಿಸಿ, ಮೂರು ಥರದ ಪಾವತಿ ಲೆಕ್ಕ ಹಾಕಿ ಕೊಡಬೇಕಾದರೆ 40 ಸುತ್ತು 25ಕ್ಕೆ ಇಳಿಯುತ್ತದೆ. ಆಗ 60 ಡಾಲರ್ ಇದ್ದದ್ದು ಸುಮಾರು 37. ಒಳ್ಳೇ ಗಣಿತ ಇದ್ದ ಆಟಗಳು ಡೀಲರ್ ಕೈಯಲ್ಲಿ ನಿಧಾನವಾಗಿ ಸತ್ತದ್ದನ್ನು ಕಣ್ಣಾರೆ ನೋಡಿದ್ದೇನೆ. ಪಕ್ಕದವರ ಎಲೆ ನೋಡಿಕೊಂಡರೆ ಆಟಗಾರರಿಗೆ ಎಷ್ಟು ಲಾಭ ಆಗುತ್ತದೆ ಅನ್ನುವುದನ್ನೂ ಲೆಕ್ಕ ಹಾಕಿ ಇಟ್ಟುಕೊಳ್ಳಿ ಸರ್. ಕ್ಯಾಸಿನೊದವರು ಕೇಳೇ ಕೇಳುತ್ತಾರೆ.

ಕೆರಗೋಡಿನ ಹುಡುಗ:
ಗೋವಾದಲ್ಲೇ ಯಾಕೆ ಇಡಬಾರದು ಮೇಷ್ಟ್ರೇ? ಅಮೆರಿಕ ಯಾಕೆ?

ಮಾಂಡೋವಿ ಡೀಲರ್:
ತಮ್ಮಾ, ಗೋವಾದಲ್ಲಿ ಜಾಗ ಬಹಳ ಚಿಕ್ಕದು. 1976ರ ಅಲ್ಲಿಯ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ಮಾಡಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಕ್ಕೆ ಅವಕಾಶ ಕೊಟ್ಟರು. ಡೀಲರ್ ಕೂತು ಎಲೆ ಹಂಚುವ ಮೇಜಿನ ಆಟ 1996ರ ತಿದ್ದುಪಡಿ ಪ್ರಕಾರ ನೀರಿನ ಮೇಲಿನ ಹಡಗುಗಳಲ್ಲಿ. ಅದು ಬಿಟ್ಟರೆ ಸಿಕ್ಕಿಂ. ಮುಗಿಯಿತು. ಬೆರಳೆಣಿಕೆಯ ಗಿರಾಕಿಗಳು. ಅದರ ಮೇಲೆ ಜಿಎಸ್‌ಟಿ 2023ರ ಅಕ್ಟೋಬರಿನಿಂದ ಚಿಪ್ಸ್ ಕೊಂಡ ಪೂರ್ತಿ ಮೊತ್ತದ ಮೇಲೆ ಶೇ 28 ಇತ್ತು, 2025ರ ಸೆಪ್ಟೆಂಬರಿನಲ್ಲಿ ಶೇ 40 ಆಯಿತು. ಹೀಗಿರುವಾಗ ಹೊಸ ಆಟಕ್ಕೆ ಬಾಡಿಗೆ ಕೊಡಿ ಅಂದರೆ ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ಅಲ್ಲಿ ಜನ ಕೇಳುವುದೇ ಅಂದರ್ ಬಾಹರ್, ತೀನ್ ಪತ್ತಿ.

ಗಣಿತದ ಮೇಷ್ಟ್ರು, ಮಂಡ್ಯ:
ಅಂದರ್ ಬಾಹರ್ ಗಣಿತ ಎಷ್ಟು ಚೆಂದ ಗೊತ್ತಾ! ಮೊದಲು ಎಲೆ ಬೀಳುವ ಕಡೆಗೆ ಗೆಲುವಿನ ಸಾಧ್ಯತೆ ಸುಮಾರು ಶೇ 51.5. ಆ ಕಡೆ ಗೆದ್ದರೆ ರೂಪಾಯಿಗೆ 90 ಪೈಸೆ, ಇನ್ನೊಂದು ಕಡೆಗೆ ಪೂರ್ತಿ ಒಂದು ರೂಪಾಯಿ ಕೊಟ್ಟರೆ ಕ್ಯಾಸಿನೊಗೆ ಒಂದರಲ್ಲಿ ಶೇ 2.15, ಇನ್ನೊಂದರಲ್ಲಿ ಶೇ 3 ಉಳಿಯುತ್ತದೆ. ಇಷ್ಟು ಸರಳ ಆಟ ಇಷ್ಟು ಸರಿಯಾಗಿ ಕೂತಿದೆ. ಮೂರೆಲೆ ಪೋಕರ್ ಕೂಡ ಹಾಗೇ. 52ರಲ್ಲಿ ಮೂರು ಎಲೆ ಆರಿಸುವ ಬಗೆ 22,100. ಅದರಲ್ಲಿ ಬರೀ ಫ್ಲಶ್, ಅಂದರೆ ಮೂರೂ ಒಂದೇ ಗುರುತಿನ ಎಲೆ, 1,096. ಬರೀ ಸ್ಟ್ರೈಟ್, ಅಂದರೆ ಒಂದರ ಹಿಂದೆ ಒಂದು ಅಂಕಿ, 720. ಐದು ಎಲೆ ಪೋಕರಿನಲ್ಲಿ ಫ್ಲಶ್ ದೊಡ್ಡದು, ಇಲ್ಲಿ ತಿರುಗಾಮುರುಗಾ. ಇದನ್ನು ಹಲಗೆ ಮೇಲೆ ಬಿಡಿಸಿ ತೋರಿಸಿದಾಗ ಮಕ್ಕಳ ಮುಖ ನೋಡಬೇಕು ನೀವು.

ವೇಗದ ಮಾತಿಗೆ ಥ್ಯಾಂಕ್ಸ್. ಅದನ್ನು ಗಡಿಯಾರ ಹಿಡಿದು ಅಳೆಯುತ್ತೇವೆ.

ಮದ್ದೂರಿನ ಅಕ್ಕ:
ನನ್ನ ಮಾತು ನಿಮಗೆ ಇಷ್ಟ ಆಗದೇ ಇರಬಹುದು. ನಮ್ಮ ತಂದೆ ಇಸ್ಪೀಟಿನಲ್ಲಿ ಗದ್ದೆ ಕಳೆದರು. ನಾಲೆ ನೀರು ಬರುವ ಒಳ್ಳೇ ಗದ್ದೆ. ಅಮ್ಮ ಅದೇ ಗದ್ದೆಯಲ್ಲಿ ಕೂಲಿಗೆ ಹೋದರು. ಮೇಷ್ಟ್ರು ಅಂದರೆ ನಮ್ಮ ಕಡೆ ಎಷ್ಟು ಗೌರವ. ಅವರು ಜೂಜಿನ ಆಟ ಕಟ್ಟಿ ಅದರ ದುಡ್ಡು ತಗೊಳ್ಳುವುದು ಸರಿನಾ? ಕೋಪದಿಂದ ಕೇಳುತ್ತಿಲ್ಲ ಸರ್. ಉತ್ತರ ಬೇಕು.

ಗಣಿತದ ಮೇಷ್ಟ್ರು, ಮಂಡ್ಯ:
ಅಕ್ಕಾ, ನೀವು ಕೇಳಿದ್ದು ಸರಿ. ನಾನೂ ಇದನ್ನು ಬಹಳ ಯೋಚನೆ ಮಾಡಿದ್ದೇನೆ. ಹಳ್ಳಿಯ ಅಡ್ಡೆಯಲ್ಲಿ, ಕೈಯಲ್ಲಿರುವ ಫೋನಿನಲ್ಲಿ ಆಡುವ ಆಟ ಮನೆ ಮುರಿಯುತ್ತದೆ. ಅದನ್ನು ನಾನು ಯಾವತ್ತೂ ಒಪ್ಪುವುದಿಲ್ಲ. ಈ ಆಟವನ್ನು ಫೋನಿಗೆ ಕೊಡುವುದಿಲ್ಲ ಅಂತ ನಿರ್ಧಾರ ಮಾಡಿದ್ದೇನೆ, ಎಷ್ಟೇ ದುಡ್ಡು ಕೊಟ್ಟರೂ. ಕಾನೂನಿನ ಕಣ್ಗಾವಲು ಇರುವ ಕಡೆ, ವಯಸ್ಸು ನೋಡಿ ಒಳಗೆ ಬಿಡುವ ಕಡೆ ಮಾತ್ರ. ಇಷ್ಟರಿಂದ ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಆಯಿತು ಅಂತ ಹೇಳಲಾರೆ. ಆದರೆ ಆ ಒಂದು ಗೆರೆಯನ್ನು ಕರಾರಿನಲ್ಲಿ ಬರೆಸಿಯೇ ಸಹಿ ಹಾಕುತ್ತೇನೆ.

ಲಕ್ಷ್ಮೀಪುರಂ ವಕೀಲೆ:
ಅಕ್ಕನ ಪ್ರಶ್ನೆಯಿಂದ ಕರಾರಿಗೆ ಒಂದು ಒಳ್ಳೇ ಷರತ್ತು ಸಿಕ್ಕಿತು. ಭಾರತದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಬಂದ ಕೇಂದ್ರ ಕಾಯ್ದೆ ನಿಷೇಧಿಸಿದೆ. ಅಂಥ ಆಟ ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ನಿಮ್ಮ ಕರಡಿನಲ್ಲಿ 'ಇಡೀ ಪ್ರಪಂಚ, ಎಲ್ಲ ಮಾಧ್ಯಮ' ಅಂತ ಇದ್ದರೆ ಅದರಲ್ಲಿ ಆನ್‌ಲೈನೂ ಸೇರಿಹೋಗುತ್ತದೆ. 'ನಿಜವಾದ ಮೇಜಿನ ಮೇಲೆ, ಪರವಾನಗಿ ಇರುವ ಕ್ಯಾಸಿನೊದಲ್ಲಿ ಮಾತ್ರ, ಉಳಿದೆಲ್ಲ ಹಕ್ಕು ಕಟ್ಟಿದವನ ಬಳಿಯೇ' ಅಂತ ಬರೆಸಿ.

ಈಗ ಕರಾರಿಗೆ ಬರೋಣ. ನೀವು 20 ಇರುವುದನ್ನು 30 ಮಾಡಿಸಲು ಹೊರಟಿದ್ದೀರಿ. ನನ್ನ ಅನಿಸಿಕೆ ಬೇರೆ. ಅಂಕಿ 20 ಇದ್ದರೂ ಇರಲಿ, ಅದು ಯಾವುದರ 20 ಅನ್ನುವುದನ್ನು ಮೊದಲು ಹಿಡಿಯಿರಿ. 'ನಿವ್ವಳ ಆದಾಯ' ಅಂದರೆ ಏನು ಅಂತ ಕರಡಿನಲ್ಲಿ ವ್ಯಾಖ್ಯೆ ಇದೆಯಾ? ಸಾಮಾನ್ಯವಾಗಿ ಇದರೊಳಗೆ ಮಾರಾಟದ ಖರ್ಚು, ಪ್ರಯಾಣ, ಮೇಳದ ಮಳಿಗೆ, ಲ್ಯಾಬ್, ವಕೀಲರ ಫೀಸು ಎಲ್ಲ ಕಳೆದುಬಿಡುತ್ತಾರೆ. ಲಾಸ್ ವೇಗಸ್‌ನಲ್ಲಿ ನಡೆಯುವ ಕ್ಯಾಸಿನೊ ಉದ್ಯಮದ ಜಿ2ಇ ಮೇಳದಲ್ಲಿ ಒಂದು ಮಳಿಗೆ ಹಾಕಿ ಅದರ ಖರ್ಚನ್ನು ನಿಮ್ಮ ಆಟದ ಮೇಲೆ ಬರೆದರೆ ನಿಮ್ಮ ಪಾಲು ಸೊನ್ನೆ. 'ಕ್ಯಾಸಿನೊದಿಂದ ಈ ಆಟಕ್ಕೆ ನಿಜವಾಗಿ ಬಂದ ಒಟ್ಟು ಹಣ' ಅಂತ ಬದಲಾಯಿಸಿ. ತೆರಿಗೆ ಬಿಟ್ಟು ಬೇರೇನೂ ಕಳೆಯಬಾರದು.

ಅದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. ವಿತರಣೆಯವರು ಒಂದೇ ಆಟ ಮಾರುವುದಿಲ್ಲ. ಹತ್ತು ಆಟ, ಎಲೆ ಕಲಸುವ ಯಂತ್ರ, ಜಾಕ್‌ಪಾಟ್ ಪರದೆ ಎಲ್ಲ ಒಂದೇ ಕಟ್ಟಿನಲ್ಲಿ ಕೊಡುತ್ತಾರೆ. ಕ್ಯಾಸಿನೊ ತಿಂಗಳಿಗೆ ಒಂದು ಬಿಲ್ ಕಟ್ಟುತ್ತದೆ. ಆ ಬಿಲ್ಲಿನಲ್ಲಿ ನಿಮ್ಮ ಆಟಕ್ಕೆ ಎಷ್ಟು ಅಂತ ಬರೆಯುವುದು ಯಾರು? ಕಂಪನಿಯೇ. 'ಯಂತ್ರ ಬಾಡಿಗೆಗೆ ತಗೊಳ್ಳಿ, ಈ ಆಟ ಪುಕ್ಕಟೆ' ಅಂದರೆ ಸೊನ್ನೆಯ ಶೇ 20 ಸೊನ್ನೆ, ಶೇ 50 ಕೂಡ ಸೊನ್ನೆ. ಹಾಗಾಗಿ ಮೇಜಿಗೆ ತಿಂಗಳಿಗೆ ಇಂತಿಷ್ಟು ಡಾಲರ್ ಕಡಿಮೆ ಆಗದಂತೆ ಕನಿಷ್ಠ ಪಾಲು ಗೊತ್ತುಮಾಡಿ. ಕಟ್ಟಿನಲ್ಲಿ ಕೊಟ್ಟರೂ, ಪುಕ್ಕಟೆ ಕೊಟ್ಟರೂ, ಆ ಕನಿಷ್ಠ ನಿಮಗೆ ಬರಲೇಬೇಕು. ಮೊದಲ ಒಂದೆರಡು ತಿಂಗಳ ಪರೀಕ್ಷೆಗೆ ವಿನಾಯಿತಿ ಕೊಡಿ, ಅದು ನ್ಯಾಯ.

ಕೆರಗೋಡಿನ ಹುಡುಗ:
ಅರ್ಥ ಆಯಿತು ಮೇಡಂ. ಗದ್ದೆಯನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟಾಗ ಖರ್ಚೆಲ್ಲ ಕಳೆದು ಉಳಿದದ್ದರಲ್ಲಿ ಪಾಲು ಅಂದರೆ ಒಡೆಯನಿಗೆ ಹುಲ್ಲೂ ಸಿಗಲ್ಲ. ಕಣದಲ್ಲಿ ರಾಶಿ ಅಳೆಯುವಾಗಲೇ ಪಾಲು ಎತ್ತಬೇಕು. ಅಥವಾ ಗುತ್ತಿಗೆ ಅಂತ ಎಕರೆಗೆ ಇಷ್ಟು ಮೂಟೆ ಗೊತ್ತುಮಾಡಬೇಕು.

ಲಕ್ಷ್ಮೀಪುರಂ ವಕೀಲೆ:
ಹೌದು, ಅದೇ. ಕ್ಯಾಸಿನೊಗೂ ವಿತರಕರಿಗೂ ಮಧ್ಯೆ ಇರುವುದು ಹೆಚ್ಚಾಗಿ ಗುತ್ತಿಗೆ ಥರದ್ದೇ. ನೆವಾಡಾದಲ್ಲಿ ಜೂಜಿನ ಆದಾಯದಲ್ಲಿ ಶೇಕಡಾವಾರು ಪಾಲು ಪಡೆಯುವವರು ಸರ್ಕಾರದ ಪರವಾನಗಿ ಜಾಲದೊಳಗೆ ಬರಬೇಕಾಗುತ್ತದೆ. ಅದಕ್ಕೇ ಮೇಜಿಗೆ ಇಷ್ಟು ಅನ್ನುವ ನಿಗದಿ ಬಾಡಿಗೆ ಅಲ್ಲಿ ರೂಢಿಯಾಗಿದೆ. ಮೇಷ್ಟ್ರೇ, 'ಮೇಜಿನ ಗೆಲುವಿನಲ್ಲಿ ಪಾಲು' ಅಂತ ನೀವಾಗಿ ಕೇಳಲು ಹೋಗಬೇಡಿ.

ಕುವೆಂಪುನಗರದ ಓದುಗ:
ಹಳೇ ಕತೆಗಳು ಗೊತ್ತಿದ್ದರೆ ಇದು ಇನ್ನೂ ಸ್ಪಷ್ಟ ಆಗುತ್ತದೆ. 1985ರಲ್ಲಿ ಕ್ಯಾಲಿಫೋರ್ನಿಯಾದ ಬೆಲ್ ಕಾರ್ಡ್ ಕ್ಲಬ್ಬಿನ ಸ್ಯಾಮ್ ಟೊರೊಸಿಯನ್ ಪೈ ಗೌ ಪೋಕರ್ ಅನ್ನುವ ಮೇಜಿನ ಆಟ ಕಟ್ಟಿದರು. ಇದಕ್ಕೆ ಪೇಟೆಂಟ್ ಸಿಗುವುದಿಲ್ಲ ಅಂತ ಅವರಿಗೆ ಸಲಹೆ ಬಂತು, ಬಿಟ್ಟರು. ಆಟ ಜಗತ್ತೆಲ್ಲ ಹರಡಿತು, ಅವರಿಗೆ ಬಾಡಿಗೆ ಬರಲಿಲ್ಲ. ಕೆರಿಬಿಯನ್ ಸ್ಟಡ್ ಅನ್ನುವ ಪೋಕರ್ ಆಟದ ಕತೆಯೂ ಹೀಗೇ. ಅದರ ಮೂಲ ರೂಪವನ್ನು 1982ರಲ್ಲಿ ತಾನೇ ಕಟ್ಟಿದ್ದು ಅಂತ ಪೋಕರ್ ಲೇಖಕ ಡೇವಿಡ್ ಸ್ಕ್ಲಾನ್ಸ್ಕಿ ಹೇಳುತ್ತಾರೆ. ಪೇಟೆಂಟ್ ಮಾಡಿಸಿಕೊಂಡವರು ಬೇರೆಯವರು.

ಇಂಗ್ಲೆಂಡಿನ ಡೆರೆಕ್ ವೆಬ್ 1994ರಲ್ಲಿ ಥ್ರೀ ಕಾರ್ಡ್ ಪೋಕರ್ ಕಟ್ಟಿ ಪೇಟೆಂಟ್ ಮಾಡಿಸಿದರು, ತಾವೇ ಊರೂರು ಸುತ್ತಿ ಮೇಜುಗಳಲ್ಲಿ ಇರಿಸಿದರು. ಕೆರಿಬಿಯನ್ ಸ್ಟಡ್ ಕಡೆಯ ಕಂಪನಿ ಇವರ ಆಟ ತನ್ನ ಪೇಟೆಂಟನ್ನು ಮುರಿಯುತ್ತದೆ ಅಂತ ಕೋರ್ಟಿಗೆ ಎಳೆಯಿತು. ಆ ಜಗಳದ ನಡುವೆಯೇ 1999ರಲ್ಲಿ ಅಮೆರಿಕದ ಹಕ್ಕನ್ನು ಶಫಲ್ ಮಾಸ್ಟರ್ ಕಂಪನಿಗೆ ಮಾರಿದರು. ಇಂಥ ದಾವೆಯ ಖರ್ಚು ಯಾರು ಹೊರಬೇಕು ಅನ್ನುವುದು ಮೇಷ್ಟ್ರ ಕರಡಿನಲ್ಲಿ ಏನಿದೆ ನೋಡಬೇಕು. ಒಂಟಿ ಮನುಷ್ಯ ಅದನ್ನು ಹೊರಲಾರ.

ಆ ಶಫಲ್ ಮಾಸ್ಟರ್ ಇದೆಯಲ್ಲ, ಅದು ಹುಟ್ಟಿದ್ದೇ ಎಲೆ ಕಲಸುವ ಯಂತ್ರದಿಂದ. ಅದರ ಸ್ಥಾಪಕ ಜಾನ್ ಬ್ರೀಡಿಂಗ್ ಆ ಯಂತ್ರಕ್ಕೆ ಗಿರಾಕಿ ಹುಟ್ಟಿಸಲು 'ಲೆಟ್ ಇಟ್ ರೈಡ್' ಆಟ ತಂದರು, 1993ರಲ್ಲಿ. ಯಂತ್ರವೂ ಆಟವೂ ಒಂದೇ ಕಟ್ಟು ಅಂತ ವಕೀಲೆ ಮೇಡಂ ಹೇಳಿದ್ದು ಈ ಧಂದೆಯ ಬುಡದಲ್ಲೇ ಇದೆ. ಕಂಪನಿ ಆಮೇಲೆ ಎಸ್‌ಎಚ್‌ಎಫ್‌ಎಲ್ ಎಂಟರ್‌ಟೈನ್‌ಮೆಂಟ್ ಆಯಿತು. 2013ರಲ್ಲಿ ಬ್ಯಾಲಿ ಕೊಂಡಿತು, 2014ರಲ್ಲಿ ಬ್ಯಾಲಿಯನ್ನು ಸೈಂಟಿಫಿಕ್ ಗೇಮ್ಸ್ ಕೊಂಡಿತು, 2022ರಿಂದ ಅದರ ಹೆಸರು ಲೈಟ್ ಅಂಡ್ ವಂಡರ್. 2018ರಲ್ಲಿ ಶಿಕಾಗೊದ ಜ್ಯೂರಿ, ಕಲಸುವ ಯಂತ್ರದ ಪೇಟೆಂಟ್‌ಗಳನ್ನು ಬಳಸಿ ಪೈಪೋಟಿ ತಡೆದದ್ದಕ್ಕೆ ಸೈಂಟಿಫಿಕ್ ಗೇಮ್ಸ್ 10.5 ಕೋಟಿ ಡಾಲರ್ ಕೊಡಬೇಕು ಅಂದಿತು. ಕಾನೂನಿನ ಪ್ರಕಾರ ಅದು ಮೂರು ಪಟ್ಟಾಗಿ 31.5 ಕೋಟಿ ಆಯಿತು, ಕೊನೆಗೆ ಕಡಿಮೆ ಮೊತ್ತಕ್ಕೆ ರಾಜಿ. ಮಾರುಕಟ್ಟೆ ಕೆಲವೇ ಕೈಗಳಲ್ಲಿ ಇದ್ದಾಗ ಹೊಸಬರ ಆಟ ಕಪಾಟಿನಲ್ಲಿ ಕೂತುಬಿಡುವ ಭಯ ನಿಜವಾದದ್ದು. ಕೊಂಡು, ಮಾರದೇ ಇಟ್ಟುಕೊಂಡರೆ ಅವರಿಗೆ ನಷ್ಟ ಇಲ್ಲ.

ಗಣಿತದ ಮೇಷ್ಟ್ರು, ಮಂಡ್ಯ:
ಈ ಕೊನೆಯ ಮಾತು ಓದಿ ಎದೆ ಧಸಕ್ ಅಂತು. ನಮ್ಮ ಕರಡಿನಲ್ಲಿ ಅವರು ಆಟವನ್ನು ಮಾರಲೇಬೇಕು ಅಂತ ಎಲ್ಲೂ ಇಲ್ಲ. 'ಸೂಕ್ತ ಪ್ರಯತ್ನ' ಅಂತ ಮಾತ್ರ ಇದೆ. ಪೇಟೆಂಟ್ ಅರ್ಜಿಯೂ ಆಗಿಲ್ಲ. ಭಾರತದಲ್ಲಿ ಹಾಕಿದರೆ ಹೇಗೆ?

ಲಕ್ಷ್ಮೀಪುರಂ ವಕೀಲೆ:
ಭಾರತದಲ್ಲಿ ಆಟದ ವಿಧಾನಕ್ಕೆ ಪೇಟೆಂಟ್ ಇಲ್ಲ. 1970ರ ಪೇಟೆಂಟ್ ಕಾಯ್ದೆಯ 3(ಎಂ) ಕಲಂ ನೇರವಾಗಿ ಹೇಳುತ್ತದೆ. ಅಮೆರಿಕದಲ್ಲಿ ಮೊದಲು ಧಾರಾಳವಾಗಿ ಸಿಗುತ್ತಿತ್ತು. 2014ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಅಮೂರ್ತ ಕಲ್ಪನೆಗೆ ಪೇಟೆಂಟ್ ಕೊಡುವುದನ್ನು ಬಿಗಿ ಮಾಡಿದ ಆಲಿಸ್ ತೀರ್ಪಿನ ನಂತರ ಗಾಳಿ ಬದಲಾಯಿತು. 2016ರಲ್ಲಿ ಸ್ಮಿತ್ ಪ್ರಕರಣದಲ್ಲಿ ಬ್ಲ್ಯಾಕ್‌ಜಾಕ್ ಮಾದರಿಯ ಒಂದು ಆಟದ ಅರ್ಜಿಯನ್ನು ಪೇಟೆಂಟ್ ಮೇಲ್ಮನವಿ ನೋಡುವ ಫೆಡರಲ್ ಸರ್ಕ್ಯೂಟ್ ಕೋರ್ಟ್ ತಿರಸ್ಕರಿಸಿತು. ಮಾಮೂಲಿ ಎಲೆ ಕಲಸಿ ಹಂಚಿ ಪಣ ತೀರಿಸುವ ನಿಯಮ ಬರೀ ಅಮೂರ್ತ ಕಲ್ಪನೆ ಅಂದಿತು. 2018ರಲ್ಲಿ ಗುಲ್ಡೆನಾರ್ ಪ್ರಕರಣದಲ್ಲಿ ದಾಳದ ಆಟಕ್ಕೂ ಹಾಗೇ ಆಯಿತು. ಸ್ಮಿತ್ ತೀರ್ಪಿನಲ್ಲಿ ಒಂದು ಕಿಟಕಿ ಮಾತ್ರ ಬಿಟ್ಟಿದ್ದಾರೆ: ಹೊಸದಾಗಿ ರೂಪಿಸಿದ ಎಲೆಕಟ್ಟು ಬಳಸುವ ಆಟವಾದರೆ ಬೇರೆ ಮಾತು ಇರಬಹುದು ಅಂತ.

ಹೀಗಾಗಿ ಈಗ ಗಟ್ಟಿಯಾಗಿ ಕೈಯಲ್ಲಿ ಉಳಿಯುವುದು ಹೆಸರು. ಟ್ರೇಡ್‌ಮಾರ್ಕ್. ಪೇಟೆಂಟ್ ಅರ್ಜಿ ಹಾಕಿದ ದಿನದಿಂದ 20 ವರ್ಷಕ್ಕೆ ಮುಗಿಯುತ್ತದೆ, ಹೆಸರನ್ನು ನವೀಕರಿಸುತ್ತಾ ಹೋದರೆ ಕೊನೆ ಇಲ್ಲ. ಆಟಗಾರ ಮೇಜು ಹುಡುಕುವುದು ಹೆಸರು ನೋಡಿ. ಹೆಸರನ್ನು ಕಂಪನಿಗೆ ಬರೆದುಕೊಡಬೇಡಿ, ಬಳಸುವ ಅನುಮತಿ ಮಾತ್ರ ಕೊಡಿ. ಇಲ್ಲಿ ವ್ಯಕ್ತಿಯೊಬ್ಬರು ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ಅಮೆರಿಕದಲ್ಲಿ ಬೇರೆಯಾಗಿ ಮಾಡಿಸಬೇಕು. ಮೇಜಿನ ಹಾಸಿನ ಚಿತ್ರ, ನಿಯಮ ಪುಸ್ತಕದ ಬರಹ, ಇವಕ್ಕೆ ಕೃತಿಸ್ವಾಮ್ಯ ಇದೆ. ನಿಯಮಕ್ಕೆ ಇಲ್ಲ.

ಅಮೆರಿಕದಲ್ಲಿ ಪೇಟೆಂಟ್ ಪ್ರಯತ್ನ ಮಾಡುವುದಾದರೆ ಒಂದು ಎಚ್ಚರ. ಭಾರತದಲ್ಲಿ ವಾಸ ಇರುವವರು ನೇರವಾಗಿ ಹೊರದೇಶದಲ್ಲಿ ಅರ್ಜಿ ಹಾಕುವ ಹಾಗಿಲ್ಲ. ನಮ್ಮ ಪೇಟೆಂಟ್ ಕಾಯ್ದೆಯ 39ನೇ ಕಲಂ ಪ್ರಕಾರ ಮೊದಲು ಇಲ್ಲಿಯ ಪೇಟೆಂಟ್ ಕಚೇರಿಯ ಅನುಮತಿ ಬೇಕು, ಇಲ್ಲವೇ ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು. ಮುರಿದರೆ ಶಿಕ್ಷೆ ಇದೆ. ಕಂಪನಿಯವರು 'ನಾವೇ ಹಾಕುತ್ತೇವೆ, ಸಹಿ ಮಾಡಿ' ಅಂದರೆ ಆತುರ ಪಡಬೇಡಿ.

ಶ್ರೀರಂಗಪಟ್ಟಣದವನು:
ಹೊಸ ಎಲೆಕಟ್ಟು ಅಂದ ತಕ್ಷಣ ನನಗೆ ನಮ್ಮ ಹಳೇ ದುಂಡು ಇಸ್ಪೀಟೆಲೆ ಗಂಜೀಫಾ ನೆನಪಾಯಿತು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಎಷ್ಟೊಂದು ಹೊಸ ಎಲೆಯಾಟ ಕಟ್ಟಿದವರು! ದಶಾವತಾರ ಗಂಜೀಫಾದಲ್ಲಿ ಹತ್ತು ಬಣ್ಣ, ಬಣ್ಣಕ್ಕೆ ಹನ್ನೆರಡು, ಒಟ್ಟು 120 ಎಲೆ. ಮೇಷ್ಟ್ರು ತಮ್ಮ ಆಟವನ್ನು ಈ ದುಂಡನೆಯ ಎಲೆಯಲ್ಲಿ ಆಡಿಸಿದರೆ ಪೇಟೆಂಟಿಗೂ ದಾರಿ, ನಮ್ಮ ಕಲೆಗೂ ಹೆಸರು. ಆಗಲ್ವಾ?

ಲಕ್ಷ್ಮೀಪುರಂ ವಕೀಲೆ:
ಆಸೆ ಒಳ್ಳೇದೇ. ಆದರೆ ಗಂಜೀಫಾ ಶತಮಾನಗಳಷ್ಟು ಹಳೇದು, ಪೇಟೆಂಟ್ ಕಣ್ಣಿಗೆ ಅದು 'ಹೊಸ ಎಲೆಕಟ್ಟು' ಆಗುವುದಿಲ್ಲ. ಜೊತೆಗೆ ಮೈಸೂರು ಗಂಜೀಫಾಗೆ ಭೌಗೋಳಿಕ ಗುರುತು (ಜಿಐ) ಇದೆ. ಕ್ಯಾಸಿನೊಗೆ ಬೇಕಾದ ಪ್ಲಾಸ್ಟಿಕ್ ಎಲೆಯನ್ನು ಬೇರೆಲ್ಲೋ ಅಚ್ಚು ಹಾಕಿಸಿ ಆ ಹೆಸರು ಹಾಕಿದರೆ ನಿಜವಾಗಿ ಕೈಯಲ್ಲಿ ಬಿಡಿಸುವ ಕಲಾವಿದರಿಗೆ ಅನ್ಯಾಯ, ಕಾನೂನಿನ ತೊಡಕೂ ಹೌದು.

ಮಾಂಡೋವಿ ಡೀಲರ್:
120 ಎಲೆಯ ದುಂಡು ಕಟ್ಟು ಕಲಸುವ ಯಂತ್ರಕ್ಕೂ ಹೋಗಲ್ಲ. ದಶಾವತಾರದ ಚಿತ್ರವನ್ನು ಜೂಜಿನ ಮೇಜಿಗೆ ಇಡುವುದು ನನಗಂತೂ ಬೇಡ ಅನ್ನಿಸುತ್ತದೆ.

ಕರಾರಿನ ವಿಷಯಕ್ಕೆ ವಾಪಸ್ ಬರೋಣ. ವಕೀಲೆ ಮೇಡಂ ಹೇಳಿದ ಕನಿಷ್ಠ ಪಾಲಿಗೆ ದೊಡ್ಡ ಕಂಪನಿ ಒಪ್ಪಬಹುದು, ಚಿಕ್ಕ ವಿತರಕ ಒಪ್ಪುವುದಿಲ್ಲ. ಹೆಸರಿಲ್ಲದ ಆಟಕ್ಕೆ ಅವನೂ ಕೈಯಿಂದ ಹಾಕಿಕೊಂಡು ಓಡಾಡುತ್ತಾನೆ. ದುಡ್ಡಿನ ಖಾತ್ರಿ ಕೇಳುವ ಬದಲು ಮೇಜಿನ ಎಣಿಕೆ ಕೇಳಿ. ಇಷ್ಟು ತಿಂಗಳಲ್ಲಿ ಇಷ್ಟು ಮೇಜು ಬಿದ್ದಿರಬೇಕು, ಇಲ್ಲದಿದ್ದರೆ ಹಕ್ಕು ವಾಪಸ್.

ಲಕ್ಷ್ಮೀಪುರಂ ವಕೀಲೆ:
ನೀವು ಹೇಳಿದ್ದು ವ್ಯವಹಾರಕ್ಕೆ ಹತ್ತಿರ. ನಾನು ಎರಡನ್ನೂ ಬೇರೆ ಬೇರೆ ಇಡುತ್ತೇನೆ. ಬಿದ್ದ ಮೇಜಿಗೆ ಕನಿಷ್ಠ ಪಾಲು ಕಡ್ಡಾಯ, ಅದನ್ನು ಬಿಡಬೇಡಿ, ಯಾಕೆಂದರೆ ಅದು ಖಾತ್ರಿ ಹಣ ಅಲ್ಲ, ಮೇಜು ನಡೆದರೆ ಮಾತ್ರ ಕೊಡಬೇಕಾದದ್ದು. ವರ್ಷಕ್ಕೆ ಇಷ್ಟು ಅನ್ನುವ ಖಾತ್ರಿ ಹಣವನ್ನು ಬೇಕಾದರೆ ಬಿಡಿ, ಅದರ ಬದಲು ಮೇಜಿನ ಎಣಿಕೆ. ಉದಾಹರಣೆಗೆ ಅಲ್ಲಿಯ ಜೂಜು ನಿಯಂತ್ರಣ ಮಂಡಳಿಯ ಒಪ್ಪಿಗೆ ಸಿಕ್ಕಿದ 18 ತಿಂಗಳಲ್ಲಿ 10 ಮೇಜು. ನೆವಾಡಾದಲ್ಲಿ ಹೊಸ ಆಟಕ್ಕೆ ಲ್ಯಾಬಿನ ಗಣಿತ ವರದಿ, ಆಮೇಲೆ ಕ್ಯಾಸಿನೊದಲ್ಲೇ ಪ್ರಯೋಗ, ಎಲ್ಲ ಆಗಬೇಕು. ಹಾಗಾಗಿ ಗಡಿಯಾರ ಒಪ್ಪಿಗೆಯ ದಿನದಿಂದ ಓಡಲಿ. ಆದರೆ ಅರ್ಜಿ ಹಾಕಲು ಕೂಡ ಒಂದು ಗಡುವು ಇರಲಿ, ಇಲ್ಲದಿದ್ದರೆ ಗಡಿಯಾರ ಶುರುವೇ ಆಗುವುದಿಲ್ಲ.

ವಾಪಸ್ ಬರುವಾಗ ಏನೇನು ಬರಬೇಕು ಅಂತಲೂ ಬರೆಸಿ. ಹೆಸರು, ಹಾಸಿನ ಚಿತ್ರ, ಲ್ಯಾಬ್ ವರದಿ, ಸಿಕ್ಕಿದ ಒಪ್ಪಿಗೆ ಪತ್ರಗಳು, ಸುಧಾರಣೆಗಳು. 'ಸುಧಾರಣೆ ಎಲ್ಲ ಕಂಪನಿಯದ್ದು' ಅನ್ನುವ ಸಾಲು ಬಹಳ ಅಪಾಯ. ನಾಳೆ ಅವರು ಒಂದು ಸೈಡ್ ಬೆಟ್ ಸೇರಿಸುತ್ತಾರೆ. ಜನ ಅದಕ್ಕೇ ಬರುತ್ತಾರೆ. ಆಟ ನಿಮಗೆ ವಾಪಸ್ ಬಂದಾಗ ಸೈಡ್ ಬೆಟ್ ಅವರ ಬಳಿ ಉಳಿಯುತ್ತದೆ. ಅವರು ಅದನ್ನು ಬೇರೆ ಆಟಕ್ಕೆ ಜೋಡಿಸಿ ನಿಮ್ಮದನ್ನು ಮೂಲೆಗೆ ತಳ್ಳುತ್ತಾರೆ. ನಿಮ್ಮ ಆಟದ ಜೊತೆ ಆಡಿಸುವ ಯಾವ ಸೈಡ್ ಬೆಟ್ಟಿಗೂ ನಿಮಗೆ ಪಾಲು ಇರಬೇಕು. ವರ್ಷಕ್ಕೊಮ್ಮೆ ನಿಮ್ಮ ಲೆಕ್ಕಿಗರು ಅವರ ಪುಸ್ತಕ ನೋಡುವ ಹಕ್ಕು, ಯಾವ ಕ್ಯಾಸಿನೊದಲ್ಲಿ ಎಷ್ಟು ಮೇಜು ಅಂತ ಮೂರು ತಿಂಗಳಿಗೊಮ್ಮೆ ಪಟ್ಟಿ. ಪಟ್ಟಿ ಇದ್ದರೆ ಅಲ್ಲಿರುವ ನಮ್ಮ ಕನ್ನಡದವರು ಯಾರಾದರೂ ಹೋಗಿ ಎಣಿಸಿಯೂ ನೋಡಬಹುದು.

ಸರಸ್ವತಿಪುರಂನಿಂದ:
ನಾನೂ ಒಂದು ಸೈಡ್ ಬೆಟ್ ಕಟ್ಟಿದ್ದೆ. ಒಂದು ಕಂಪನಿ 'ಮೌಲ್ಯಮಾಪನ ಶುಲ್ಕ' ಅಂತ ಮುಂಚೆಯೇ ದುಡ್ಡು ಕೇಳಿತು. ಆಮೇಲೆ ಪೇಟೆಂಟ್ ಹುಡುಕಾಟಕ್ಕೆ, ಆಮೇಲೆ ಮೇಳದ ಪ್ರದರ್ಶನಕ್ಕೆ. ದುಡ್ಡು ಹೋಯಿತೇ ಹೊರತು ಒಂದು ಮೇಜೂ ಬರಲಿಲ್ಲ. ನಿಜವಾದ ವಿತರಕ ಕ್ಯಾಸಿನೊದಿಂದ ಸಂಪಾದಿಸುತ್ತಾನೆ. ಆಟ ಕಟ್ಟಿದವನ ಜೇಬಿನಿಂದ ಸಂಪಾದಿಸುವವನ ಹತ್ತಿರ ಹೋಗಲೇಬೇಡಿ. ಅಮೆರಿಕದಲ್ಲಿ ಇಂಥ ಕಂಪನಿಗಳು ತಮ್ಮ ಹಿಂದಿನ ಗಿರಾಕಿಗಳಲ್ಲಿ ಎಷ್ಟು ಜನರಿಗೆ ಲಾಭ ಆಯಿತು ಅಂತ ಬರೆದು ಕೊಡಬೇಕು, 1999ರ ಕಾನೂನು ಇದೆ. ಅದನ್ನು ಕೇಳಿ.

ಲೆಕ್ಕಿಗ, ಚಾಮುಂಡಿಪುರಂ:
ತೆರಿಗೆ ಬಗ್ಗೆ ಚಿಕ್ಕದಾಗಿ. ಅಮೆರಿಕದಿಂದ ರಾಯಲ್ಟಿ ಬಂದರೆ ಅವರು ಅಲ್ಲೇ ಶೇ 30 ಹಿಡಿಯುತ್ತಾರೆ. ತಾನು ಅಮೆರಿಕದವನಲ್ಲ ಅಂತ ತಿಳಿಸುವ ಡಬ್ಲ್ಯು-8ಬೆನ್ ಫಾರ್ಮ್ ತುಂಬಿ ಕೊಟ್ಟರೆ ಎರಡು ದೇಶದ ಒಪ್ಪಂದದ ಪ್ರಕಾರ ಅದು ಶೇ 15ಕ್ಕೆ ಇಳಿಯುತ್ತದೆ. ಹಿಡಿದದ್ದಕ್ಕೆ ಇಲ್ಲಿ ರಿಟರ್ನ್ ಹಾಕುವಾಗ ಕ್ರೆಡಿಟ್ ಸಿಗುತ್ತದೆ, ಪುರಾವೆ ಇಟ್ಟುಕೊಳ್ಳಿ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ನೋಡಬೇಕು. ಕರಾರಿನಲ್ಲಿ 'ರಾಯಲ್ಟಿ' ಅಂತಲೇ ಸ್ಪಷ್ಟವಾಗಿ ಇರಲಿ, ಬ್ಯಾಂಕಿನವರು ಕ್ಯಾಸಿನೊ ಹೆಸರು ನೋಡಿ ಗೆಲುವಿನ ಹಣ ಅಂದುಕೊಂಡರೆ ಸುಮ್ನೆ ತಲೆನೋವು.

ಕೆರಗೋಡಿನ ಹುಡುಗ:
ಒಂದು ಡೌಟು. ಜೂಜಿನ ಕರಾರು ಕೋರ್ಟಿನಲ್ಲಿ ನಿಲ್ಲಲ್ಲ ಅಂತಾರಲ್ಲ? ಕಂಪನಿ ದುಡ್ಡು ಕೊಡದಿದ್ದರೆ ಮೇಷ್ಟ್ರು ಏನು ಮಾಡಬೇಕು?

ಲಕ್ಷ್ಮೀಪುರಂ ವಕೀಲೆ:
1872ರ ಕರಾರು ಕಾಯ್ದೆಯ 30ನೇ ಕಲಂ ಪಣದ ಒಪ್ಪಂದವನ್ನು ಅನೂರ್ಜಿತ ಅನ್ನುತ್ತದೆ. ಅಂದರೆ ಗೆದ್ದ ಪಣವನ್ನು ಕೋರ್ಟಿನಲ್ಲಿ ವಸೂಲಿ ಮಾಡಲಾಗದು. ಮೇಷ್ಟ್ರದ್ದು ಪಣದ ಒಪ್ಪಂದ ಅಲ್ಲ, ಅವರು ಯಾರ ಜೊತೆಗೂ ಪಣ ಕಟ್ಟಿಲ್ಲ. ಹಕ್ಕಿನ ಬಾಡಿಗೆ ಇದು. ಪಣದ ಒಪ್ಪಂದ ಅನೂರ್ಜಿತವಾದರೂ ಅದರ ಪಕ್ಕದ ಒಪ್ಪಂದಗಳು ಅದರಿಂದಲೇ ಕಾನೂನುಬಾಹಿರ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1959ರಲ್ಲಿ ಘೇರುಲಾಲ್ ಪಾರೇಖ್ ಪ್ರಕರಣದಲ್ಲಿ ಹೇಳಿದೆ. ಕಾನೂನಿಗಿಂತ ದೊಡ್ಡ ಕಷ್ಟ ದೂರ. ನೆವಾಡಾ ಕೋರ್ಟಿಗೆ ಮಂಡ್ಯದಿಂದ ಹೋಗಿ ಕೆಲವು ಸಾವಿರ ಡಾಲರಿಗೆ ದಾವೆ ನಡೆಸುವುದು ಆಗದ ಮಾತು. ಅದಕ್ಕೆ ಪಂಚಾಯ್ತಿ, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥರು ತೀರ್ಮಾನಿಸುವ ಆರ್ಬಿಟ್ರೇಷನ್, ಷರತ್ತು ಹಾಕಿಸಿ, ಸಿಂಗಪುರದಂಥ ಮೂರನೇ ಜಾಗ ಇರಲಿ, ವಿಚಾರಣೆ ವಿಡಿಯೊ ಮೂಲಕ. ಅದಕ್ಕಿಂತ ಬಲವಾದದ್ದು ಇನ್ನೊಂದು: ಎರಡು ತ್ರೈಮಾಸಿಕ ಹಣ ಬರದಿದ್ದರೆ ನೋಟಿಸ್ ಕೊಟ್ಟು 30 ದಿನಕ್ಕೆ ಹಕ್ಕು ತಾನಾಗಿ ವಾಪಸ್. ಹೆಸರು ನಿಮ್ಮದೇ ಇದ್ದರೆ ಕ್ಯಾಸಿನೊಗಳಿಗೆ ನೀವೇ ಪತ್ರ ಬರೆಯಬಹುದು.

ಗಣಿತದ ಮೇಷ್ಟ್ರು, ಮಂಡ್ಯ:
ಎಲ್ಲರಿಗೂ ಎಷ್ಟು ಹೇಳಿದರೂ ಸಾಲದು. ಶೇ 30ರ ಆಸೆ ಬಿಟ್ಟಿದ್ದೇನೆ. 20 ಇರಲಿ, ಬಂದ ಒಟ್ಟು ಹಣದ ಮೇಲೆ, ಮೇಜಿಗೆ ಕನಿಷ್ಠ ಪಾಲಿನ ಜೊತೆ. 18 ತಿಂಗಳಲ್ಲಿ 10 ಮೇಜು ಅಂತ ಕೇಳುತ್ತೇನೆ, 8ಕ್ಕೆ ಒಪ್ಪಿದರೂ ಸರಿ. ಹೆಸರು ನನ್ನದೇ, ಆನ್‌ಲೈನ್ ಇಲ್ಲ, ಸೈಡ್ ಬೆಟ್ಟಿನಲ್ಲಿ ಪಾಲು, ದಾವೆಯ ಖರ್ಚು ಅವರದ್ದು. ವಕೀಲೆ ಮೇಡಂ, ಶನಿವಾರ ಕರಡು ಹಿಡಿದು ಮೈಸೂರಿಗೆ ಬರಲಾ? ಫೀಸು ಹೇಳಿ, ಸುಮ್ನೆ ಮಾಡಿಕೊಡಿ ಅನ್ನುವುದಿಲ್ಲ.

ಲಕ್ಷ್ಮೀಪುರಂ ವಕೀಲೆ:
ಬನ್ನಿ ಮೇಷ್ಟ್ರೇ, ಹನ್ನೊಂದು ಗಂಟೆಗೆ. ಕರಡಿನ ಜೊತೆ ಗುಟ್ಟು ಕಾಯುವ ಒಪ್ಪಂದದ ಪ್ರತಿಯನ್ನೂ ತನ್ನಿ, ಅವರಿಗೆ ನಿಯಮ ತೋರಿಸಿದ ತಾರೀಖು ಬೇಕು. ಅಲ್ಲಿಯವರೆಗೆ ಕಂಪನಿಗೆ 'ಓದುತ್ತಿದ್ದೇನೆ' ಅಂತ ಒಂದೇ ಸಾಲು ಬರೆಯಿರಿ, ಜಾಸ್ತಿ ಏನೂ ಬೇಡ.